ಹುಬ್ಬಿನಲ್ಲಿ ಕೇಳಿಸಿದ ಸದ್ದು

ಮೊದಲ ದಿನವೇ ಅವನು ಅವಳಿಗೆ ಸುಳ್ಳು ಹೇಳಿದ. ದೊಡ್ಡ ಸುಳ್ಳೇನಲ್ಲ, ಒಂದೇ ಪದದ್ದು. "ಕೇಳಿಸ್ತು" ಅಂದ. ನಿಜ ಹೇಳಬೇಕೆಂದರೆ ಅವನಿಗೆ ಏನೂ ಕೇಳಿಸಿರಲಿಲ್ಲ.

ಅವತ್ತು ಗುರುವಾರ. ಊಟ ಮುಗಿದು ಕಾರು ರಿಪೇರಿಯ ಶೆಡ್ಡಿಗೆ ಶೆಡ್ಡೇ ತೂಕಡಿಸುವ ಹೊತ್ತು. ಹಳದಿ ಬಣ್ಣದ ಸ್ಪೋರ್ಟ್ಸ್ ಕಾರೊಂದು ಬಂದು ಬಾಗಿಲ ಮುಂದೆ ನಿಂತಿತು. ಎರಡೇ ಸೀಟು, ನೆಲಕ್ಕೆ ತಾಗುವಂಥ ಮೈ, ಬೇಕೆಂದಾಗ ಮೇಲೆದ್ದು ಬೇಡವೆಂದಾಗ ಒಳಗೆ ಮಲಗುವ ದೀಪಗಳು. ಏನಿಲ್ಲವೆಂದರೂ ಇಪ್ಪತ್ತೈದು ವರ್ಷ ಹಳೆಯದು. ಇಂಥ ಕಾರುಗಳು ಆ ಶೆಡ್ಡಿಗೆ ಹೊಸವಲ್ಲ. ಆದರೆ ಅವುಗಳ ಒಡೆಯರು ಅವನ್ನು ಬಟ್ಟೆ ಹೊದಿಸಿ ಸಾಕುತ್ತಾರೆ, ಭಾನುವಾರ ಬೆಳಿಗ್ಗೆ ಒಂದು ಸುತ್ತು ತಿರುಗಿಸಿ ಮತ್ತೆ ಮಲಗಿಸುತ್ತಾರೆ. ಈ ಕಾರಿನ ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ, ಕೊಡೆ, ಎರಡು ಕಟ್ಟು ಸೊಪ್ಪು ಇದ್ದವು. ದಿನಾ ಕೆಲಸಕ್ಕೆ ಹೋಗಿ ಬರುವ ಕಾರು ಎಂದು ಕೇಳದೆಯೇ ತಿಳಿಯುತ್ತಿತ್ತು.

ಅದರಿಂದ ಇಳಿದವಳಿಗೆ ಮೂವತ್ತೈದರ ಆಸುಪಾಸು. ಇಳಿದಳು ಅನ್ನುವುದಕ್ಕಿಂತ ಮೇಲೆದ್ದು ಬಂದಳು ಅನ್ನಬೇಕು, ಅಷ್ಟು ತಗ್ಗಿನ ಸೀಟು ಅದು. ಇಲ್ಲಿ ಕಿವಿ ಮೇಷ್ಟ್ರು ಅಂದರೆ ಯಾರು ಎಂದು ಕೇಳಿದಳು. ಶೆಡ್ಡಿನ ಯಜಮಾನನಾದ ಅವನ ಚಿಕ್ಕಪ್ಪ ಕೈಯಲ್ಲಿದ್ದ ಸ್ಪ್ಯಾನರಿನಿಂದಲೇ ಅವನನ್ನು ತೋರಿಸಿದ.

ಆ ಹೆಸರು ಇಟ್ಟವನೂ ಚಿಕ್ಕಪ್ಪನೇ. ಹದಿನೆಂಟು ವರ್ಷದ ಹಿಂದೆ, ಇನ್ನೂ ಕೆಲಸ ಕಲಿಯುತ್ತಿದ್ದಾಗ, ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಇಂಥ ಬೇರಿಂಗೇ ಸವೆದಿದೆ ಎಂದು ಹೇಳಿದ್ದ. ಬಿಚ್ಚಿ ನೋಡಿದರೆ ಅದೇ. ಅಂದಿನಿಂದ ಶೆಡ್ಡಿಗೆ ಒಂದು ಪದ್ಧತಿ ಬಂತು. ಗಿರಾಕಿ ತನ್ನ ಕಾರನ್ನು ತಾನೇ ಓಡಿಸಬೇಕು, ಇವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಕೇಳಬೇಕು. ಸದ್ದು ನಾಚಿಕೆ ಸ್ವಭಾವದ್ದು, ಒಡೆಯರ ಕೈಯಲ್ಲಿದ್ದಾಗ ಮಾತ್ರ ಬಾಯಿ ಬಿಡುತ್ತದೆ ಎಂದು ಅವನು ಹೇಳುತ್ತಿದ್ದ. ಚಿಕ್ಕಪ್ಪನಿಗೆ ಮಂಡಿನೋವು ಜಾಸ್ತಿಯಾಗಿತ್ತು. ಬರುವ ವರ್ಷ ಶೆಡ್ಡಿನ ಬೀಗದ ಕೈ ಇವನಿಗೆ ಕೊಟ್ಟು ಮನೆಯಲ್ಲಿ ಕೂರುತ್ತೇನೆ, ಇವನ ಕಿವಿ ಇರುವವರೆಗೆ ಶೆಡ್ಡಿಗೆ ಭಯವಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಕಿವಿಯೇ ಕೈಕೊಡುತ್ತಿದೆ ಎಂಬುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು. ಒಂದು ವರ್ಷದಿಂದ ಸಣ್ಣ ಸದ್ದುಗಳು ಒಂದೊಂದಾಗಿ ಕಾಣೆಯಾಗಿದ್ದವು. ಮೊದಲು ಮೈಕ್ರೋವೇವಿನ ಬೀಪು, ಆಮೇಲೆ ಜೀರುಂಡೆ, ಆಮೇಲೆ ಸಡಿಲಾದ ಬೆಲ್ಟಿನ ಚೀರಾಟ. ದಪ್ಪ ಸದ್ದೆಲ್ಲ ಮೊದಲಿನ ಹಾಗೇ ಕೇಳಿಸುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಬಾಯಿ ಬಿಟ್ಟರೆ ಹೆಸರು ಹೋಗುತ್ತದೆ, ಹೆಸರು ಹೋದರೆ ಕೆಲಸವೇ ಹೋಗುತ್ತದೆ ಎಂದು ಹೆದರಿ ಸುಮ್ಮನಿದ್ದ.

"ವೇಗ ಅರವತ್ತು ದಾಟಿದ ಮೇಲೆ ಒಂದು ಸದ್ದು ಬರುತ್ತೆ," ಅಂದಳು ಅವಳು. "ತುಂಬ ತೆಳ್ಳಗೆ. ದೂರದಲ್ಲಿ ಜೀರುಂಡೆ ಕೂತ ಹಾಗೆ."

ಜೀರುಂಡೆ ಅವನಿಗೆ ಕೇಳಿಸದೆ ತಿಂಗಳುಗಳೇ ಆಗಿದ್ದವು. ಆದರೂ ಸೊಪ್ಪಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಸೀಟ್ ಬೆಲ್ಟ್ ಎಳೆದರೆ ಬರಲಿಲ್ಲ. ಜೋರು ಮಾಡಬೇಡಿ, ಕೋಪ ಬರುತ್ತೆ ಅದಕ್ಕೆ, ನಿಧಾನಕ್ಕೆ ಬೇರೆ ಕಡೆ ನೋಡ್ತಾ ಎಳೀರಿ ಎಂದಳು. ಬೇರೆ ಕಡೆ ನೋಡಿಕೊಂಡು ಎಳೆದ. ಬಂತು.

ಇನ್ನೇನಾದರೂ ತೊಂದರೆ ಇದೆಯಾ ಎಂದು ವಾಡಿಕೆಯಂತೆ ಕೇಳಿದ. ಕೇಳಬಾರದಿತ್ತು. ಪಕ್ಕದ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ, ಇಳಿಯಬೇಕಾದರೆ ಅವಳೇ ಸುತ್ತಿ ಬಂದು ತೆಗೆಯಬೇಕು. ಇಂಜಿನ್ ತಣ್ಣಗಿದ್ದಾಗ ಎರಡನೇ ಗೇರು ಬೀಳುವುದಿಲ್ಲ, ಮೊದಲನೆಯದರಿಂದ ಸೀದಾ ಮೂರಕ್ಕೆ ಹೋಗಬೇಕು. ಕಿಟಕಿ ಗಾಜು ತನ್ನಷ್ಟಕ್ಕೆ ಒಂದು ಬೆರಳು ಕೆಳಗಿಳಿಯುತ್ತದೆ, ಅದಕ್ಕೆ ಐಸ್‌ಕ್ರೀಂ ಕಡ್ಡಿ ಸಿಕ್ಕಿಸಿದ್ದಾಳೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ಹಾರ್ನ್ ತಾನಾಗಿಯೇ ಒಮ್ಮೆ ಕೂಗುತ್ತದೆ. ಹಾಗಾಗಿ ಯೂ ಟರ್ನ್ ಮಾಡುವಾಗಲೆಲ್ಲ ಎದುರಿಗಿದ್ದವರಿಗೆ ಕೈ ಎತ್ತಿ ನಮಸ್ಕಾರ ಮಾಡುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಪೆಟ್ರೋಲಿನ ಮುಳ್ಳು ಯಾವಾಗಲೂ ಅರ್ಧದಲ್ಲೇ ಇರುತ್ತದೆ. ದೀಪಗಳಲ್ಲಿ ಒಂದು ಬೇಗ ಏಳುತ್ತದೆ, ಇನ್ನೊಂದು ಸೋಮಾರಿ.

ಅವನು ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳತೊಡಗಿದ.

"ಅವೆಲ್ಲ ಬೇಡ ಮೇಷ್ಟ್ರೇ. ಅವು ನನಗೆ ಗೊತ್ತಿರೋ ತೊಂದರೆಗಳು, ಹೇಗೋ ಹೊಂದಿಕೊಂಡು ಹೋಗ್ತಿದೀವಿ. ಇದೊಂದು ಸದ್ದು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಬೇಕು ಅಷ್ಟೆ. ಗೊತ್ತಿಲ್ಲದ್ದು ಪಕ್ಕದಲ್ಲಿ ಕೂತಿದ್ರೆ ನನಗೆ ನಿದ್ದೆ ಬರಲ್ಲ."

ಅಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಊರಾಚೆಯ ನೇರ ರಸ್ತೆಗೆ ಬಂದಾಗ ಕಣ್ಣು ಮುಚ್ಚಿದ. ಇಂಜಿನ್ನಿನ ಒಂದೊಂದು ಉಸಿರೂ ಕೇಳಿಸಿತು. ಸೈಲೆನ್ಸರಿನ ಕೊಂಡಿ ಸಡಿಲ, ಹಿಂದಿನ ಚಕ್ರದ ಬೇರಿಂಗಿಗೆ ಇನ್ನೆರಡು ವರ್ಷ ಆಯುಸ್ಸು, ಗೇರ್ ಬಾಕ್ಸಿಗೆ ಎಣ್ಣೆ ಬೇಕು. ಜೀರುಂಡೆ ಮಾತ್ರ ಇಲ್ಲ. ಪಕ್ಕದಿಂದ ಅವಳು, ಈಗ ಬರ್ತಿದೆ, ಕೇಳಿಸ್ತಾ ಎಂದಳು. ಆಗಲೇ ಅವನು ಆ ಒಂದು ಪದ ಹೇಳಿದ್ದು.

ಶೆಡ್ಡಿಗೆ ವಾಪಸಾದ ಮೇಲೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಅಲ್ಲೊಂದು ಇಲ್ಲೊಂದು ಸ್ಕ್ರೂ ಬಿಗಿ ಮಾಡಿದ. ಅವಳು ಪಕ್ಕದಲ್ಲೇ ನಿಂತು ಇದೇನು, ಅದು ಯಾಕೆ ಹಾಗಿದೆ, ಇದನ್ನು ತೆಗೆದರೆ ಏನಾಗುತ್ತೆ ಎಂದು ಕೇಳುತ್ತಲೇ ಇದ್ದಳು. ಸಾಮಾನ್ಯವಾಗಿ ಅಂಥವರನ್ನು ಕಂಡರೆ ಅವನಿಗೆ ತಲೆನೋವು. ಅವಳಿಗೆ ಮಾತ್ರ ಎಲ್ಲಕ್ಕೂ ಉತ್ತರ ಕೊಟ್ಟ, ಕೇಳದ್ದಕ್ಕೂ ಕೊಟ್ಟ. ಚಿಕ್ಕಪ್ಪ ದೂರದಿಂದ ಇದನ್ನು ನೋಡಿ ಕೆಮ್ಮಿದ.

ಮುಂದಿನ ಗುರುವಾರ ಅವಳು ಮತ್ತೆ ಬಂದಳು. ಸದ್ದು ಇನ್ನೂ ಇದೆಯಂತೆ. ಗುರುವಾರ ಅವಳಿಗೆ ಅರ್ಧ ದಿನ ಕೆಲಸ. ಎಲ್ಲಿ ಕೆಲಸ ಎಂದು ಕೇಳಿದಾಗ ಆಸ್ಪತ್ರೆಯಲ್ಲಿ ಎಂದಷ್ಟೇ ಹೇಳಿದಳು. ಅವನೂ ಹೆಚ್ಚು ಕೆದಕಲಿಲ್ಲ. ಗುಟ್ಟು ಇಟ್ಟುಕೊಂಡವನಿಗೆ ಬೇರೆಯವರನ್ನು ಪ್ರಶ್ನೆ ಕೇಳುವ ಧೈರ್ಯ ಇರುವುದಿಲ್ಲ.

ಆ ದಿನ ಅವನು ಕಣ್ಣು ಮುಚ್ಚಲಿಲ್ಲ. ಮುಚ್ಚಿ ಪ್ರಯೋಜನವಿರಲಿಲ್ಲ. ಬದಲಿಗೆ ಅವಳ ಮುಖ ನೋಡಿದ. ಐವತ್ತು, ಐವತ್ತೈದು. ಅವಳ ಮುಖ ರಸ್ತೆಯ ಮೇಲೆ, ತುಟಿ ಸ್ವಲ್ಪ ಮುಂದೆ ಬಂದಿತ್ತು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಐಸ್‌ಕ್ರೀಂ ಕಡ್ಡಿಯ ಸಂದಿನಿಂದ ಬಂದ ಗಾಳಿಗೆ ಬಿಡಿಸಿಕೊಳ್ಳಲು ನೋಡುತ್ತಿತ್ತು. ಅರವತ್ತು ಮುಟ್ಟಿದ ಕೂಡಲೇ ಅವಳ ಹುಬ್ಬು ಒಂದು ನೂಲಿನಷ್ಟು ಮೇಲೇರಿತು. ಅವಳಿಗೇ ಗೊತ್ತಿಲ್ಲದಷ್ಟು ಸಣ್ಣ ಚಲನೆ. ವೇಗ ಇಳಿದಾಗ ಹುಬ್ಬೂ ಇಳಿಯಿತು.

ಸಿಕ್ಕಿತು ದಾರಿ ಅಂದುಕೊಂಡ. ಮತ್ತೆ ಅರವತ್ತಕ್ಕೆ ಹೋಗಲು ಹೇಳಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಒತ್ತಿದ. ಹುಬ್ಬು ಮೇಲೇ ಇತ್ತು. ಗಾಳಿ ಬರುವ ಜಾಲರಿಯ ಹತ್ತಿರ ಒತ್ತಿದ, ಹುಬ್ಬು ಇಳಿಯಲಿಲ್ಲ. ಗ್ಲೋವ್ ಬಾಕ್ಸಿನ ಮೇಲಂಚಿಗೆ ಬೆರಳಿಟ್ಟ ತಕ್ಷಣ ಹುಬ್ಬು ಪಟ್ಟನೆ ಕೆಳಗೆ ಬಂತು. ಶೆಡ್ಡಿಗೆ ಬಂದು ಅಲ್ಲಿ ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಅಂಟಿಸಿದ. ಮತ್ತೊಂದು ಸುತ್ತು ಹೋಗಿ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಅಕ್ಕನ ಮನೆಗೆ ಹೋಗಬೇಕಿತ್ತು.

ಮೂರನೇ ಗುರುವಾರವೂ ಹಳದಿ ಕಾರು ಬಂತು. ಬಂದಿದೆ ಅಂದರೆ ಸದ್ದು ಹೋಗಿಲ್ಲ ಎಂದು ಅವನು ತಾನೇ ಲೆಕ್ಕ ಹಾಕಿದ. ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಕೂತುಬಿಟ್ಟ. ನೇರ ರಸ್ತೆಯಲ್ಲಿ ಅವಳು ಅವನ ಕಡೆ ತಿರುಗಿದಳು, ಹುಬ್ಬು ಏರಿತು. "ಇನ್ನೂ ಇದೆ, ಕೇಳಿಸ್ತು" ಅಂದ. ಅವಳು ಒಂದು ಕ್ಷಣ ಅವನನ್ನೇ ನೋಡಿ, ಆಮೇಲೆ ರಸ್ತೆ ನೋಡಿದಳು. ಹೌದಾ ಎಂದು ಮೆಲ್ಲಗೆ ಅಂದಳು.

ಅಲ್ಲಿಂದ ಮುಂದೆ ಪ್ರತಿ ಗುರುವಾರ ಇದೇ ಕಥೆ. ಅವನು ಬುಧವಾರ ಸಂಜೆಯೇ ಉಗುರಿನ ಕಪ್ಪು ತಿಕ್ಕಿ ತೆಗೆಯತೊಡಗಿದ. ಗುರುವಾರ ಬೆಳಿಗ್ಗೆ ಇಸ್ತ್ರಿಯಾದ ಶರ್ಟು ಹಾಕಿ ಬಂದಾಗ ಚಿಕ್ಕಪ್ಪ, ಕಾರಿನ ಸದ್ದು ಕೇಳಲು ಇಸ್ತ್ರಿ ಶರ್ಟು ಯಾಕೆ ಬೇಕು ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದ. ಅವನು ಇಂಗು ತಿಂದ ಮಂಗನ ಹಾಗೆ ನಿಂತ.

ಕಾರಿನೊಳಗೆ ಮಾತು ಬೆಳೆಯಿತು. ಇಂಥ ಕಾರನ್ನು ದಿನಾ ಯಾಕೆ ಓಡಿಸುತ್ತೀರಿ ಎಂದು ಒಮ್ಮೆ ಕೇಳಿದ. ಹನ್ನೆರಡು ವರ್ಷದವಳಿದ್ದಾಗ ಇಂಥದೊಂದನ್ನು ರಸ್ತೆಯಲ್ಲಿ ಕಂಡಿದ್ದಳಂತೆ, ಅದರ ಒಳಗೆ ಕೂತರೆ ಊರು ಹೇಗೆ ಕಾಣುತ್ತೆ ಎಂಬ ಕುತೂಹಲ ಇಪ್ಪತ್ತು ವರ್ಷ ಬಿಡಲಿಲ್ಲವಂತೆ. ಹೇಗೆ ಕಾಣುತ್ತೆ ಎಂದು ಕೇಳಿದ್ದಕ್ಕೆ, ಎಲ್ಲರ ಮಂಡಿ ಕಾಣುತ್ತೆ ಎಂದಳು. ಮದುವೆಯಾದರೆ ಮಕ್ಕಳನ್ನ ಎಲ್ಲಿ ಕೂರಿಸ್ತೀಯೇ, ಡಿಕ್ಕಿಯಲ್ಲಾ ಎಂದು ಅವಳ ಅಕ್ಕ ಬೈಯುತ್ತಾಳಂತೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ, ಜಾಗ ಇಲ್ಲ ಎಂದು ಅವನು ಗಂಭೀರವಾಗಿ ಹೇಳಿದ. ಅವಳು ನಕ್ಕ ನಗುವಿಗೆ ಕಾರು ಒಮ್ಮೆ ಅತ್ತಿತ್ತ ಆಯಿತು.

ಹುಬ್ಬು ನೋಡುವ ನೆಪದಲ್ಲಿ ಅವನು ಉಳಿದದ್ದೆಲ್ಲ ನೋಡಿದ. ಮೂರನೇ ಗೇರು ಹಾಕುವಾಗ ಅವಳು ಕೆಳತುಟಿ ಕಚ್ಚುತ್ತಾಳೆ. ಹಾರ್ನ್ ತಾನಾಗಿ ಕೂಗಿದಾಗ ಕಿವಿಯ ತುದಿ ಕೆಂಪಾಗುತ್ತದೆ. ರಸ್ತೆಯುಬ್ಬು ಬಂದಾಗ ಕಾರಿನ ಹೊಟ್ಟೆ ತಾಗದಿರಲೆಂದು ತಾನೇ ಉಸಿರು ಒಳಗೆಳೆದುಕೊಳ್ಳುತ್ತಾಳೆ. ಅವಳು ಕಣ್ಣಂಚಿನಿಂದ ನೋಡಿ, ಏನು ಎನ್ನುವ ಹಾಗೆ ಗದ್ದ ಎತ್ತುವಳು. ಅವನು ಸದ್ದು, ಸದ್ದು ಎಂದು ಡ್ಯಾಶ್‌ಬೋರ್ಡ್ ತೋರಿಸುವನು. ಏಳನೇ ಗುರುವಾರದ ಹೊತ್ತಿಗೆ ಅವಳನ್ನು ಪ್ರೀತಿಸುತ್ತಿದ್ದೇನೆಂದು ಅವನಿಗೆ ಸ್ಪಷ್ಟವಾಗಿತ್ತು. ಹೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ. ಸುಳ್ಳಿನ ಮೇಲೆ ಕೂತು ನಿಜ ಹೇಳುವುದು ಹೇಗೆ?

ಎಂಟನೇ ಗುರುವಾರ ಅವಳು ಹೆಚ್ಚು ಮಾತಾಡಲಿಲ್ಲ. ನೇರ ರಸ್ತೆಗೆ ಬಂದಾಗ ಮುಳ್ಳು ಅರವತ್ತು ದಾಟಿತು. ಹುಬ್ಬು ಏರಿತು. ಈ ಸಲ ಸ್ವಲ್ಪ ಜಾಸ್ತಿಯೇ ಏರಿತು.

"ಈಗ ಬಂತು," ಅಂದ.

ಅವಳು ವೇಗ ತಗ್ಗಿಸಿ, ರಸ್ತೆ ಬದಿಯ ಮರದ ಕೆಳಗೆ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿದಳು.

"ಈಗ ಯಾವ ಸದ್ದೂ ಬರಲಿಲ್ಲ ಮೇಷ್ಟ್ರೇ. ನಾನು ಬೇಕು ಅಂತಲೇ ಹುಬ್ಬು ಎತ್ತಿದೆ."

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

ಅವಳು ಸ್ಟಿಯರಿಂಗ್ ನೋಡುತ್ತಲೇ ಹೇಳಿದಳು. ಆಸ್ಪತ್ರೆಯಲ್ಲಿ ಅವಳ ಕೆಲಸ ಕಿವಿ ಪರೀಕ್ಷೆ ಮಾಡುವುದು, ಹನ್ನೊಂದು ವರ್ಷದಿಂದ. ಯಾರಿಗೂ ಹೇಳುವುದಿಲ್ಲ, ಹೇಳಿದರೆ ಎಲ್ಲರೂ ಕಿವಿಗೆ ಕೈ ಇಟ್ಟು 'ಆಂ?' ಎಂದು ಅದೇ ಹಳೆಯ ತಮಾಷೆ ಮಾಡುತ್ತಾರೆ. "ಕೇಳಿಸದೆ ಇರೋರು ಮೊದಲು ಮಾಡೋದು ಏನು ಗೊತ್ತಾ? ಪರೀಕ್ಷೆ ಮಾಡೋರ ಮುಖ ನೋಡ್ತಾರೆ. ನಮ್ಮ ಕಣ್ಣಲ್ಲಿ, ಕೈಯಲ್ಲಿ ಉತ್ತರ ಹುಡುಕ್ತಾರೆ. ಅದಕ್ಕೇ ನಾವು ಅವರನ್ನ ಗೋಡೆ ಕಡೆ ತಿರುಗಿಸಿ ಕೂರಿಸ್ತೀವಿ. ನೀವು ಎರಡನೇ ವಾರದಿಂದ ನನ್ನ ಮುಖ ನೋಡ್ತಿದೀರಿ. ನನ್ನ ಹುಬ್ಬು ಏರಿದರೆ ಸಾಕು, ಸದ್ದು ಬಂತು ಅಂತೀರಿ."

ಅವಮಾನ ಎಂಬುದು ಕಾಲಿನಿಂದ ತಲೆಗೆ ಏರುತ್ತದೆಯೋ ತಲೆಯಿಂದ ಕಾಲಿಗೆ ಇಳಿಯುತ್ತದೆಯೋ, ಅವನಿಗಂತೂ ಎರಡೂ ಕಡೆಯಿಂದ ಬಂತು. ಇಷ್ಟು ದಿನ ನಡೆದದ್ದೆಲ್ಲ ಪರೀಕ್ಷೆಯಾ ಎಂದು ಕೇಳಿದ. ದನಿ ತನಗೇ ಗುರುತು ಸಿಗದಷ್ಟು ಒರಟಾಗಿತ್ತು. ಅವಳು, ಮೊದಮೊದಲು ಹಾಗೇ, ಆಮೇಲೆ ಎಂದು ಏನೋ ಶುರು ಮಾಡಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಕಿವಿಯ ತಪ್ಪಲ್ಲ ಅದು, ಕೋಪದ್ದು. ಬಾಗಿಲು ತೆರೆದು ಇಳಿದು ಹೋಗಬೇಕೆಂದು ಹಿಡಿ ಎಳೆದ.

ಬಾಗಿಲು ತೆರೆಯಲಿಲ್ಲ. ಮತ್ತೊಮ್ಮೆ ಎಳೆದ, ಭುಜದಿಂದ ದೂಕಿದ. ಸಿಟ್ಟಿನಿಂದ ಹೊರಟವನು ಒಳಗೇ ಸಿಕ್ಕಿಬಿದ್ದು ಕೂತದ್ದು ಬೇರೆ ದಿನವಾಗಿದ್ದರೆ ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತಿತ್ತು. ಅವಳು ನಗಲಿಲ್ಲ. ತಡವೂ ಮಾಡಲಿಲ್ಲ. ತಕ್ಷಣ ಇಳಿದು, ಸುತ್ತಿ ಬಂದು ಬಾಗಿಲು ತೆರೆದು, ದಾರಿ ಬಿಟ್ಟು ನಿಂತಳು.

"ಒಂದೇ ಒಂದು ಕೇಳಬೇಕಿತ್ತು. ನೀವು ನನ್ನ ಮುಖ ನೋಡ್ತಿದ್ದದ್ದು ಸದ್ದಿಗಾ, ಇಲ್ಲ..."

ಅವನು ಪ್ರಶ್ನೆ ಮುಗಿಯುವುದಕ್ಕೆ ಮೊದಲೇ ಹೊರಟುಬಿಟ್ಟ. ಶೆಡ್ಡಿಗೆ ನಾಲ್ಕು ಕಿಲೋಮೀಟರು, ಬಿಸಿಲಿನಲ್ಲಿ ನಡೆದ. ಅರ್ಧ ದಾರಿಯಲ್ಲಿ ಹಳದಿ ಕಾರು ಅವನನ್ನು ದಾಟಿ ಹೋಯಿತು. ಅವಳು ನಿಲ್ಲಿಸಲಿಲ್ಲ, ಅವನು ತಲೆ ಎತ್ತಲಿಲ್ಲ.

ಒಂಬತ್ತನೇ ಗುರುವಾರ ಅವಳು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಅವನು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದೇ ಕಾರ್ಬುರೇಟರನ್ನು ಮೂರು ಸಲ ತೊಳೆದ. ಕೋಪ ಎರಡು ದಿನಕ್ಕೇ ಇಳಿದಿತ್ತು. ಬೇಕಿದ್ದರೆ ಅವಳು ಬಾಗಿಲು ತೆರೆಯದೆ ಕೂತು ತನ್ನ ಮಾತನ್ನೆಲ್ಲ ಕೇಳಿಸಬಹುದಿತ್ತು. ಹಾಗೆ ಮಾಡಲಿಲ್ಲವಲ್ಲ ಎಂಬುದೇ ಅವನ ತಲೆಯಲ್ಲಿ ತಿರುಗುತ್ತಿತ್ತು. ಹೋಗಿ ಮಾತಾಡಬೇಕೆಂದರೆ ಮೊದಲು ಕಿವಿಯ ವಿಷಯ ಒಪ್ಪಿಕೊಳ್ಳಬೇಕು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗಲಿಲ್ಲ ಉಗುಳಲೂ ಆಗಲಿಲ್ಲ.

ಉಗುಳಿಸಿದವನು ಒಬ್ಬ ಮುದುಕ ಟ್ಯಾಕ್ಸಿ ಡ್ರೈವರು. ಹಳೆಯ ಗಿರಾಕಿ, ಸೋಮವಾರವಷ್ಟೇ ಕಾರು ತೋರಿಸಿ ಹೋಗಿದ್ದ. ಇವನು ಒಂದು ಸುತ್ತು ಪಕ್ಕದಲ್ಲಿ ಕೂತು ಬಂದು, ಎಲ್ಲ ಸರಿಯಿದೆ ಎಂದು ಕಳಿಸಿದ್ದ. ಶುಕ್ರವಾರ ಮುದುಕ ಮತ್ತೆ ಬಂದ. ಬ್ರೇಕ್ ಹಾಕಿದಾಗ ಕಾರು ಕಿರುಚುತ್ತದೆ ಎಂದು ಮಗಳು ಹಟ ಹಿಡಿದು ಕಳಿಸಿದ್ದಳಂತೆ.

"ನನಗಂತೂ ಏನೂ ಕೇಳಿಸಲ್ಲಪ್ಪ, ವಯಸ್ಸಾಯ್ತು. ಮೇಷ್ಟ್ರು ಕೇಳಿ ಸರಿಯಿದೆ ಅಂದಿದಾರೆ, ನಿಂದೇನು ಮಧ್ಯೆ ಅಂತ ಅವಳಿಗೇ ಬೈದೆ," ಅಂದ.

ಇವನು ಮುಂದಿನ ಚಕ್ರ ಬಿಚ್ಚಿದ. ಬ್ರೇಕ್ ಪ್ಯಾಡು ಸವೆದು ಕಾಗದದಷ್ಟು ಉಳಿದಿತ್ತು. ಪ್ಯಾಡು ಮುಗಿಯುವ ಹೊತ್ತಿಗೆ ಚಕ್ರದ ಡಿಸ್ಕಿಗೆ ತಾಗಿ ಕಿರುಚಲೆಂದೇ ಒಂದು ಸಣ್ಣ ತಗಡಿನ ತುಂಡು ಇಟ್ಟಿರುತ್ತಾರೆ. ಅದು ಸೋಮವಾರದಿಂದ, ಅದಕ್ಕೂ ಮೊದಲಿನಿಂದ, ಕಿರುಚುತ್ತಲೇ ಇತ್ತು. ಇವನು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ. ನಾಲ್ಕು ದಿನ ಈ ಮುದುಕ ಜನರನ್ನು ಹತ್ತಿಸಿಕೊಂಡು ಊರೆಲ್ಲ ತಿರುಗಿದ್ದಾನೆ.

"ಚಿಕ್ಕಪ್ಪ, ಇಲ್ಲಿ ಬಾ," ಅಂದ. "ನನಗೆ ಸಣ್ಣ ಸದ್ದು ಕೇಳಿಸಲ್ಲ. ಒಂದು ವರ್ಷ ಆಯ್ತು."

ಮುದುಕನ ಎದುರಿಗೇ ಹೇಳಿದ. ಚಿಕ್ಕಪ್ಪ ಹತ್ತಿರವಿದ್ದ ಟೈರಿನ ಮೇಲೆ ಕೂತುಬಿಟ್ಟ. ಪ್ಯಾಡನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಆಮೇಲೆ, ವರ್ಷವಿಡೀ ನಾನು ಊರಿಗೆಲ್ಲ ನಿನ್ನ ಕಿವಿಯ ಡಂಗುರ ಸಾರ್ತಿದ್ದೆನಲ್ಲೋ ಎಂದ. ಅದರಲ್ಲಿ ಬೈಗುಳಕ್ಕಿಂತ ನೋವೇ ಹೆಚ್ಚಿತ್ತು.

"ಕಿವಿ ಹೋದರೆ ಕೈ ಇದೆಯೋ, ಕಣ್ಣಿದೆ. ಬಿಚ್ಚಿ ನೋಡಿದರೆ ಆಯ್ತು. ಬಾಯಿ ಮುಚ್ಕೊಂಡಿದ್ದೆಯಲ್ಲ, ಅದು ತಪ್ಪು."

ಬೀಗದ ಕೈ ವಿಷಯ ಆಮೇಲೆ ನೋಡೋಣ ಎಂದೂ ಸೇರಿಸಿದ. ಅವನು ತಲೆಯಾಡಿಸಿದ. ಅಷ್ಟು ಶಿಕ್ಷೆ ಸಿಗಬೇಕಾದ್ದೇ ಎಂದು ಅವನಿಗೂ ಅನ್ನಿಸಿತ್ತು. ಮುದುಕ ಮಾತ್ರ ಗದ್ದ ಕೆರೆದುಕೊಂಡು, ಸದ್ಯ ನನ್ನ ಮಗಳ ಕಿವಿ ಚೆನ್ನಾಗಿದೆ ಎಂದ. ಹೊಸ ಪ್ಯಾಡು ಹಾಕಿ, ನಾಲ್ಕೂ ಚಕ್ರ ಬಿಚ್ಚಿ ನೋಡಿ, ಒಂದು ವರ್ಷದಲ್ಲಿ ಕಿವಿ ನಂಬಿ ಕಳಿಸಿದ ಗಿರಾಕಿಗಳನ್ನೆಲ್ಲ ಮತ್ತೆ ಕರೆಯಬೇಕೆಂದು ಇಬ್ಬರೂ ಸಂಜೆಯವರೆಗೆ ಕೂತು ಪಟ್ಟಿ ಮಾಡಿದರು. ವಿಚಿತ್ರವೆಂದರೆ ಆ ಸಂಜೆ ಅವನಿಗೆ ವರ್ಷದಿಂದ ಇಲ್ಲದ ಹಸಿವಾಯಿತು.

ಮರುದಿನ ಬೆಳಿಗ್ಗೆ ಅವನು ಆಸ್ಪತ್ರೆಗೆ ಹೋದ. ಕಿವಿ ಪರೀಕ್ಷೆಯ ಕೋಣೆ ನೆಲಮಹಡಿಯ ಕೊನೆಯಲ್ಲಿತ್ತು. ಹೊರಗೆ ಉದ್ದದ ಬೆಂಚು, ಬೆಂಚಿನ ತುಂಬ ವಯಸ್ಸಾದವರು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಬೇರೆಯದೇ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಅದರಿಂದ ಬೇಸರವಿರಲಿಲ್ಲ. ಅವಳು ಬಿಳಿ ಕೋಟಿನಲ್ಲಿ ಹೊರಗೆ ಬಂದು ನಂಬರು ಕೂಗಿದಳು. ಇವನನ್ನು ಕಂಡು ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡಳು.

ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದ. ಚಿಕ್ಕಪ್ಪನಿಗೆ ಹೇಳಿದೆ, ಗಿರಾಕಿಗಳಿಗೂ ಹೇಳುತ್ತಿದ್ದೇನೆ ಎಂದ. ಮುದುಕನ ಬ್ರೇಕಿನ ಕಥೆಯನ್ನೂ ಒಂದೂ ಬಿಡದೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಪರೀಕ್ಷೆ ನಾನು ಮಾಡಲ್ಲ," ಅಂದಳು.

ಅವನ ಮುಖ ಬಾಡಿತು. ನಿಮ್ಮ ಕೋಪ ನ್ಯಾಯವೇ ಎಂದು ಹೊರಡಲು ತಿರುಗಿದ.

"ಕೋಪ ಅಲ್ಲ. ನಿಮಗೆ ಕೇಳಿಸಲಿ ಅಂತ ನನಗೆ ಆಸೆ. ಕೇಳಿಸದೆ ಇದ್ರೂ ಇನ್ನೊಂದು ಸಲ, ಸ್ವಲ್ಪ ಜೋರಾಗಿ ಸದ್ದು ಕೊಟ್ಟುಬಿಡ್ತೀನಿ. ಆಸೆ ಇರೋರು ಪರೀಕ್ಷೆ ಮಾಡಬಾರದು."

ಇಷ್ಟು ಹೇಳಿ ಅವಳು ಕಿವಿಯ ತುದಿಯವರೆಗೆ ಕೆಂಪಾದಳು. ಒಳಗಿದ್ದ ಹಿರಿಯ ಸಹೋದ್ಯೋಗಿಗೆ ಇವನನ್ನು ಒಪ್ಪಿಸಿ ತಾನು ಹೊರಗೇ ಉಳಿದಳು.

ದಪ್ಪ ಬಾಗಿಲಿನ ಸಣ್ಣ ಕೋಣೆ. ಗೋಡೆಗೆ ಮುಖ ಮಾಡಿ ಕೂರಿಸಿದರು, 'ಕೇಳಿಸಿದಾಗ ಒತ್ತಿ' ಎಂದು ಕೈಗೊಂದು ಗುಂಡಿ ಕೊಟ್ಟರು. ದಪ್ಪ ಸದ್ದು ಬಂತು, ಒತ್ತಿದ. ಕ್ರಮೇಣ ತೆಳುವಾಯಿತು, ಒತ್ತಿದ. ಆಮೇಲೆ ಏನೂ ಇಲ್ಲ. ತನ್ನ ಉಸಿರು ಮಾತ್ರ. ಈಗ ಸದ್ದು ಬರುತ್ತಿರಬಹುದು, ಒತ್ತಿಬಿಡಲೇ ಎಂದು ಹೆಬ್ಬೆರಳು ಹಳೆಯ ಚಾಳಿಗೆ ಒಮ್ಮೆ ಎದ್ದಿತು. ಒತ್ತಲಿಲ್ಲ. ಕೇಳಿಸದ್ದನ್ನು ಕೇಳಿಸಲಿಲ್ಲವೆಂದು ಸುಮ್ಮನೆ ಕೂರುವುದು ಇಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಅವನ ಕೈಯಲ್ಲಿ ಒಂದು ಹಾಳೆ ಇತ್ತು. ಅವಳು ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ಹಾಳೆಯನ್ನು ಬೆರಳಿಟ್ಟು ಓದಿದಳು. ಗೆರೆ ಅರ್ಧದವರೆಗೆ ಸಮನಾಗಿ ಹೋಗಿ, ಆಮೇಲೆ ಬಾವಿಗೆ ಇಳಿದ ಹಾಗೆ ಇಳಿದಿತ್ತು. ಹದಿನೆಂಟು ವರ್ಷದ ಸುತ್ತಿಗೆ, ನಟ್ಟು ಬಿಚ್ಚುವ ಗಾಳಿ ಗನ್ನುಗಳ ಸದ್ದು ಮಾಡಿದ ಕೆಲಸ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು, ಕಿವಿಗೆ ಯಂತ್ರ ಹಾಕಿಕೊಂಡರೆ ಸ್ವಲ್ಪ ಅನುಕೂಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

ಕಾರಿನ ಸದ್ದು ಯಾವಾಗ ನಿಂತಿತ್ತು ಎಂದು ಅವನು ಕೇಳಿದ.

"ಎರಡನೇ ಗುರುವಾರವೇ. ನೀವು ಬಟ್ಟೆ ಅಂಟಿಸಿದ್ರಲ್ಲ, ಅಷ್ಟಕ್ಕೇ ಹೋಯ್ತು. ಮೂರನೇ ವಾರ ಅದನ್ನ ಹೇಳೋಕೆ ಅಂತಲೇ ಬಂದೆ. ನೀವು ಇನ್ನೂ ಕೇಳಿಸ್ತಿದೆ ಅಂದ್ರಿ."

ಅವನು ಮನಸ್ಸಿನಲ್ಲೇ ಎಣಿಸಿದ. ಆರು ಗುರುವಾರ ಕೆಟ್ಟಿರದ ಕಾರಿನಲ್ಲಿ, ಇಲ್ಲದ ಸದ್ದು ಹುಡುಕಿಕೊಂಡು ಇಬ್ಬರೂ ಸುತ್ತಿದ್ದರು. ಒಂದು ಗುರುವಾರ ಪರೀಕ್ಷೆ ಮಾಡಲು ಸಾಕಾಗುತ್ತಿತ್ತಲ್ಲ, ಆರು ಯಾಕೆ ಬಂದಿರಿ ಎಂದು ಕೇಳಿದ.

"ಅವತ್ತು ರಸ್ತೆಯಲ್ಲಿ ನಾನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ," ಅಂದಳು. ಅವಳ ಕಣ್ಣು ಹಾಳೆಯ ಮೇಲೇ ಇತ್ತು. "ಸದ್ದಿಗಾ?"

"ಎರಡನೇ ವಾರ ಸದ್ದಿಗೆ," ಅಂದ. "ಆಮೇಲೆ ಸದ್ದು ನೆಪ. ಕಿವಿ ಸರಿಯಿದ್ದಿದ್ರೂ ನೋಡ್ತಿದ್ದೆ. ನನಗೆ ನೀವು ಬೇಕು. ಮದುವೆ ಆಗ್ತೀರಾ ಅಂತ ಕೇಳೋಕೆ ಬಂದೆ, ಪರೀಕ್ಷೆ ಅದರ ಜೊತೆಗೆ."

ಅವಳು ತಲೆ ಇನ್ನೂ ತಗ್ಗಿಸಿದಳು. ಕೂದಲು ಜಾರಿ ಮುಖಕ್ಕೆ ಅಡ್ಡ ಬಂತು. ತುಟಿ ಅಲುಗಿದಂತೆ ಅವನಿಗೆ ಅನ್ನಿಸಿತು. ಹುಬ್ಬಾಗಲಿ ಕಣ್ಣಾಗಲಿ ಕಾಣಲಿಲ್ಲ. ಒಂದು ವರ್ಷದಿಂದ ಇಂಥ ಹೊತ್ತಿನಲ್ಲೆಲ್ಲ ಅವನು ತಲೆಯಾಡಿಸಿ, ನಕ್ಕು, ಗೊತ್ತಾದವನ ಹಾಗೆ ನಟಿಸುತ್ತಿದ್ದ.

"ಏನೋ ಹೇಳಿದಿರಿ. ನನಗೆ ಕೇಳಿಸಲಿಲ್ಲ," ಅಂದ. "ಇನ್ನೊಂದು ಸಲ ಹೇಳಿ."

ಅವಳು ಕೂದಲು ಹಿಂದೆ ಸರಿಸಿ ಅವನಿಗೆ ಎದುರಾಗಿ ಕೂತಳು. ಆಮೇಲೆ ಎಷ್ಟು ಸ್ಪಷ್ಟವಾಗಿ, ಎಷ್ಟು ದೊಡ್ಡ ದನಿಯಲ್ಲಿ ಹೇಳಿದಳೆಂದರೆ, ಕಿವಿ ಕೇಳಿಸುವುದಿಲ್ಲವೆಂದು ಬಂದು ಬೆಂಚಿನಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು.

"ಆಗ್ತೀನಿ ಅಂದೆ."